ಹಲ್ಲು ಬಿದ್ದ ರಾಣಿಯ ಊರು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಬರವಣಿಗೆ ಕಲಿಸುತ್ತಿದ್ದ ಗುರುಗಳ ಹೆಸರು ಸಂಕಯ್ಯ. ಅವರದು ಮಾತು ಕಡಿಮೆ. ಹೊಗಳಿಕೆ ಅದಕ್ಕಿಂತ ಕಡಿಮೆ.

ಆಶ್ರಮಕ್ಕೆ ಒಂದು ಕಟ್ಟಳೆಯಿತ್ತು. ಬರೆದದ್ದನ್ನು ಹೊರಗೆ ಕಳಿಸುವ ಮೊದಲು ಜೊತೆಯವರಲ್ಲಿ ಒಬ್ಬರ ಕೈಗೆ ಕೊಡಬೇಕು. ಅವರು ಓದಿ ಮುಗಿಸುವವರೆಗೆ ಎದುರಿಗೆ ಬಾಯಿ ಮುಚ್ಚಿಕೊಂಡು ಕೂರಬೇಕು.

ಆ ವರ್ಷ ಪಟ್ಟಣದ ಪಾಳೆಯಗಾರ ಡಂಗುರ ಹೊಡೆಸಿದ. ಆಟದ ಹಾಸುಗಳಲ್ಲಿ ಅದೇ ಏಣಿ, ಅದೇ ಹಾವು, ಜನಕ್ಕೆ ಸಾಕಾಗಿದೆ. ಕವಡೆ ಎಸೆದು ಕಾಯಿ ನಡೆಸಿದರೆ ಇನ್ನೊಂದು ದೇಶಕ್ಕೇ ಹೋಗಿಬಂದಂತೆ ಇರಬೇಕು. ಅಂಥ ದೇಶವೊಂದನ್ನು ಯಾರು ಬೇಕಾದರೂ ಬರೆದು ಕಳಿಸಲಿ. ಬೆಟ್ಟ, ಹೊಳೆ, ಊರು, ಅರಸು, ಬೇತಾಳ, ಏನೇ ಇರಲಿ. ಗೆದ್ದ ದೇಶವನ್ನು ಚಿತ್ರಗಾರರು ಬಟ್ಟೆಯ ಮೇಲೆ ಇಳಿಸುತ್ತಾರೆ. ಹಾಸು ಸೀಮೆಯ ಮನೆಮನೆಗೂ ಹೋಗುತ್ತದೆ.

ಸಂಕಯ್ಯನವರ ಶಿಷ್ಯ ದೇಮಣ್ಣ ಡಂಗುರ ಕೇಳಿದ ದಿನವೇ ಓಲೆಗರಿ ಹಿಡಿದು ಕೂತ.

ಅವನು ಹೊಸದಾಗಿ ದೇಶ ಕಟ್ಟಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಅವನೂ ತಂಗಿ ನಾಗಲೆಯೂ ಹಿತ್ತಿಲ ಚಪ್ಪಡಿಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಹುಣಿಸೆಬೀಜ ನಡೆಸಿ ಆಡುತ್ತಿದ್ದ ದೇಶವೊಂದು ಅವನ ತಲೆಯಲ್ಲಿತ್ತು. ಒಂದು ಮಳೆಗಾಲ ನಾಗಲೆಗೆ ಜ್ವರ ಬಂತು. ಹೊಳೆ ತುಂಬಿ ಹರಿಯುತ್ತಿತ್ತು. ವೈದ್ಯ ಆಚೆ ದಡದಲ್ಲೇ ಉಳಿದ. ಅವಳಿಗೆ ಆಗಷ್ಟೇ ಮುಂದಿನ ಹಲ್ಲು ಬಿದ್ದಿತ್ತು. ಹೊಸದು ಹುಟ್ಟುವಷ್ಟು ದಿನ ಅವಳು ಇರಲಿಲ್ಲ.

ದೇಮಣ್ಣ ಬರೆದ ದೇಶದ ನಟ್ಟನಡುವೆ ನಾಗಲಾಪುರ. ಅಲ್ಲಿ ಮುಂದಿನ ಹಲ್ಲಿಲ್ಲದ ಪುಟ್ಟ ರಾಣಿ. ಆ ಊರಿನಲ್ಲಿ ಯಾರೂ ಸಾಯುವುದಿಲ್ಲ.

ಈ ದೇಶ ಗೆದ್ದರೆ ಮನೆಮನೆಯಲ್ಲೂ ಅವಳ ಹೆಸರು ಹೇಳಿ ಕವಡೆ ಎಸೆಯುತ್ತಾರೆ. ಸೋತರೆ ಅವಳು ಎರಡನೆಯ ಸಲ ಹೋದ ಹಾಗೆ. ಹೀಗೆಂದುಕೊಂಡದ್ದನ್ನು ಅವನು ಯಾರಿಗೂ ಹೇಳಲಿಲ್ಲ.

ಜೊತೆಯ ಶಿಷ್ಯೆ ಪದುಮಲೆಯೂ ಒಂದು ದೇಶ ಬರೆದಿದ್ದಳು. ಕಳಿಸುವ ಹಿಂದಿನ ದಿನ ಅವಳು ಬಂದು ಕೇಳಿದಳು.

"ಕಟ್ಟು ಹಾಕೋ ಮೊದಲು ಒಂದಾಟ ಆಡೋಣ ಬಾರೋ. ನನ್ನದರಲ್ಲಿ ನೀನು, ನಿನ್ನದರಲ್ಲಿ ನಾನು."

"ನಿನ್ನದರಲ್ಲಿ ಬೇಕಾದರೆ ಆಡ್ತೀನಿ. ನನ್ನದು ಬೇಡ."

"ಮತ್ತೆ ಕಟ್ಟಳೆ?"

"ಇದರಲ್ಲಿ ತಿದ್ದೋದು ಏನೂ ಇಲ್ಲ ಪದುಮಲೆ."

ಅವಳ ದೇಶದಲ್ಲಿ ಒಂದಾಟ ಆಡಿ ಎದ್ದು, ಅವನು ತನ್ನ ಓಲೆಗರಿಗಳ ಕಟ್ಟಿಗೆ ದಾರ ಸುತ್ತಿ, ಅರಗು ಕಾಯಿಸಿ ಮುದ್ರೆ ಒತ್ತಿದ. ಗುರುಗಳು ಜಗಲಿಯಿಂದ ಅದನ್ನು ನೋಡಿದರು.

ಆಮೇಲೆ ಕಾಯುವುದು ಶುರುವಾಯಿತು.

ದೀಪಾವಳಿಗೆ ಫಲ ಹೇಳುತ್ತೇವೆ ಎಂದಿದ್ದರು. ದೀಪಾವಳಿ ಕಳೆಯಿತು. ಕಾರ್ತಿಕವೂ ಕಳೆಯಿತು. ಪಟ್ಟಣದ ದೋಣಿ ಬಂದು ನಿಲ್ಲುವ ಕಡವಿನ ಮಂಟಪದಲ್ಲಿ ಸುತ್ತಲ ಊರುಗಳ ಬರೆಯುವವರು ದಿನಾ ಬಂದು ಸೇರುತ್ತಿದ್ದರು. ಬರೆಯುವುದನ್ನು ಎಲ್ಲರೂ ನಿಲ್ಲಿಸಿದ್ದರು. ಬಾಯಿ ಮಾತ್ರ ನಿಂತಿರಲಿಲ್ಲ.

"ಮೊದಲನೇ ಗರಿ ಮಾತ್ರ ಓದ್ತಾರಂತೆ."

"ಅಷ್ಟಾದರೂ ಓದಿದರೆ ನಮ್ಮ ಪುಣ್ಯ."

"ಗೆದ್ದವರಿಗೆ ಆಗಲೇ ಗುಟ್ಟಾಗಿ ಹೇಳಿ ಆಗಿದೆಯಂತೆ."

"ನಿನಗೆ ಹೇಳಿದಾರೇನು?"

"ಇಲ್ಲ."

"ಹಾಗಾದರೆ ಸುಮ್ಮನೆ ಕೂತ್ಕೋ. ಹೊಟ್ಟೆಯಲ್ಲಿ ಬೆಂಕಿ ಹಾಕಬೇಡ."

ಬೊಮ್ಮರಸ ಎಂಬ ನರೆಗೂದಲಿನವನು ಕಂಬಕ್ಕೆ ಒರಗಿ ಹೇಳಿದ, "ನನ್ನ ದೇಶದಲ್ಲಿ ಆನೆ ಹಾರುತ್ತೆ ಕಣ್ರಯ್ಯ. ತೀರ್ಪುಗಾರರು ಮಾಳಿಗೆ ಹತ್ತಿ ಆಕಾಶ ನೋಡ್ತಾ ನಿಂತಿರಬೇಕು. ಅದಕ್ಕೇ ಇಷ್ಟು ತಡ."

ಎಲ್ಲರೂ ನಕ್ಕರು. ದೇಮಣ್ಣ ನಗಲಿಲ್ಲ. ಅವನ ಕಣ್ಣು ನೀರಿನ ತಿರುವಿನ ಮೇಲಿತ್ತು.

ಆಶ್ರಮದಲ್ಲಿ ಅವನ ಪಾಲಿನ ಅವರೆ ಪಾತಿ ಒಣಗಿತು. ಅನ್ನದ ಮುಂದೆ ಕೂತವನು ಹಾಗೆಯೇ ಏಳುತ್ತಿದ್ದ. ಒಂದು ದಿನ ಗುರುಗಳೇ ಕೊಡ ಹೊತ್ತು ಪಾತಿಗೆ ನೀರು ಹಾಕುತ್ತಿದ್ದುದು ಕಂಡು ಅವರ ಬಳಿಗೆ ಓಡಿದ.

"ಗುರುಗಳೇ, ಫಲ ಬರುತ್ತೋ ಇಲ್ಲವೋ?"

"ನಿನ್ನ ಬರಹವನ್ನು ಯಾರು ಓದಿದರು?"

"ಪಟ್ಟಣದಲ್ಲಿ ಓದ್ತಾ ಇದಾರಲ್ಲ."

"ನಾನು ಕೇಳಿದ್ದು ಅದಲ್ಲ," ಎಂದು ಗುರುಗಳು ಕೊಡವನ್ನು ಅವನ ಕೈಗಿಟ್ಟು ನಡೆದರು.

ಪುಷ್ಯದ ಚಳಿಯಲ್ಲಿ ಒಂದು ಮಧ್ಯಾಹ್ನ ದೋಣಿ ಬಂತು. ಪಟ್ಟಣದ ಓಲೆಕಾರ ದಡಕ್ಕೂ ಇಳಿಯಲಿಲ್ಲ. ದೋಣಿಯಲ್ಲೇ ನಿಂತು ಕೂಗಿದ.

"ಗೆದ್ದ ದೇಶ ಸಂತೆಪೇಟೆ. ಬರೆದವಳು ಪದುಮಲೆ."

ಪದುಮಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಮೊದಲು ತಿರುಗಿ ನೋಡಿದ್ದು ದೇಮಣ್ಣನ ಕಡೆಗೆ. ಅವನು ಅಲ್ಲಿ ನಿಂತಿರಲಿಲ್ಲ. ಮೊಣಕಾಲುದ್ದ ನೀರಿಗಿಳಿದು ದೋಣಿಯ ಅಂಚು ಹಿಡಿದಿದ್ದ.

"ನನ್ನದು? ನಾಗಲಾಪುರದ ದೇಶ?"

ಓಲೆಕಾರ ತಿರಸ್ಕೃತ ಕಟ್ಟುಗಳ ರಾಶಿಯಲ್ಲಿ ಹುಡುಕಿ ಒಂದನ್ನು ಎತ್ತಿಕೊಟ್ಟ. "ಇದಾ? ತೀರ್ಪುಗಾರರು ಆಡೋಕೆ ಅಂತ ಕೂತಿದ್ದರು ಕಣಪ್ಪ. ಬೇಗ ಎದ್ದುಬಿಟ್ಟರು."

ಒಬ್ಬೊಬ್ಬರಾಗಿ ತಂತಮ್ಮ ಕಟ್ಟು ಇಸಿದುಕೊಂಡು ಹೋದರು. ಬೊಮ್ಮರಸ ತನ್ನದನ್ನು ತಲೆಯ ಮೇಲೆ ಹೊತ್ತುಕೊಂಡ. "ಆನೆ ವಾಪಸ್ ಬಂತಪ್ಪಾ," ಎಂದ. ಈ ಸಲ ಯಾರೂ ನಗಲಿಲ್ಲ.

ಸಂಜೆ ಗುರುಗಳು ಹೊಳೆಗೆ ಬಂದಾಗ ದೇಮಣ್ಣ ಒದ್ದೆ ಪಂಚೆಯಲ್ಲೇ ಕಲ್ಲಿನ ಮೇಲೆ ಕೂತಿದ್ದ. ಕಟ್ಟು ಮಡಿಲಲ್ಲಿತ್ತು.

"ಪದುಮಲೆಯ ದೇಶದಲ್ಲಿ ಅರಸನಿಗೊಂದು ಹೆಸರೂ ಇಲ್ಲ ಗುರುಗಳೇ. ಅರ್ಧಕ್ಕರ್ಧ ದಾರಿ ಎಲ್ಲಿಗೆ ಹೋಗುತ್ತೆ ಅಂತ ಬರೆದಿಲ್ಲ. ಕೇಳಿದರೆ, ಹೋದವರು ನೋಡಿಕೊಂಡು ಬರಲಿ ಅಂತಾಳೆ. ನಾನು ಒಂದು ಕಲ್ಲನ್ನೂ ಬಿಟ್ಟಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಏನಾಗಬೇಕು, ಎಲ್ಲಾ ಬರೆದಿದೀನಿ."

"ಹೌದೇ."

"ಇದನ್ನು ನೀರಿಗೆ ಹಾಕ್ತೀನಿ."

"ಹಾಕುವೆಯಂತೆ. ಮೊದಲು ಒಂದಾಟ ಆಡೋಣ."

ಗುರುಗಳು ಎದುರಿಗೆ ಕೂತು ಅಂಗೈಯಿಂದ ಮರಳನ್ನು ಸಮ ಮಾಡಿದರು. "ಹೇಳು," ಎಂದರು. ಅವನು ಹೇಳಿದಂತೆ ಕಡ್ಡಿಯಲ್ಲಿ ಗೆರೆ ಎಳೆದರು. ಬೆಟ್ಟ, ಕಣಿವೆ, ಹೊಳೆ. ಹೊಳೆಯಾಚೆ ಕೋಟೆ. ಕೋಟೆಯೊಳಗೆ ರಾಣಿ.

"ರಾಣಿಗೆ ಮುಂದಿನ ಹಲ್ಲು ಯಾಕಿಲ್ಲ?"

ದೇಮಣ್ಣ ಕಟ್ಟಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದ. ಆಮೇಲೆ ಹೇಳಿದ. ಚಪ್ಪಡಿ, ಇದ್ದಿಲು, ಜ್ವರ, ತುಂಬಿದ ಹೊಳೆ.

ಗುರುಗಳು ದಂಡೆಯ ಹುಣಿಸೆಮರದ ಬುಡದಿಂದ ಒಂದು ಬೀಜ ಆರಿಸಿ ತಂದು ಕಣಿವೆಯಲ್ಲಿಟ್ಟರು.

"ನಾನು ಉಪ್ಪು ಮಾರುವವನು. ಹೊಳೆ ದಾಟಬೇಕು."

"ಆ ಹೊಳೆಗೆ ದೋಣಿ ಇಲ್ಲ."

"ಈಜುತ್ತೇನೆ."

"ನೀರಿಗೆ ಇಳಿದವನು ಕಲ್ಲಾಗ್ತಾನೆ. ಶಾಪ ಇದೆ."

"ಯಾರು ಕೊಟ್ಟ ಶಾಪ?"

"ನಾನೇ ಬರೆದದ್ದು."

"ಸರಿ. ನಾನು ಕಳ್ಳ. ಬೆಟ್ಟದ ಕಡೆಯಿಂದ ಬಂದು ಗೋಡೆ ಹಾರುತ್ತೇನೆ."

"ಆ ಗೋಡೆಯ ಕಾವಲಿನವರಿಗೆ ನಿದ್ದೆಯೇ ಇಲ್ಲ ಗುರುಗಳೇ."

"ನಾನು ವೈದ್ಯ."

ದೇಮಣ್ಣ ತಲೆ ಎತ್ತಿದ.

"ಗಂಟಿನಲ್ಲಿ ಜ್ವರದ ಮದ್ದಿದೆ," ಎಂದರು ಗುರುಗಳು.

"ವೈದ್ಯ ಈಗ ಬೇಡ." ಅವನು ಬೀಜದ ಮುಂದೆ ಕೈ ಅಡ್ಡ ಹಿಡಿದ. "ಅಲ್ಲಿ ಯಾರಿಗೂ ಕಾಯಿಲೆ ಬರೋದಿಲ್ಲ."

ಹುಣಿಸೆಬೀಜ ಇಟ್ಟಲ್ಲೇ ಇತ್ತು. ಹೊಳೆಯ ಮೇಲೆ ಮಂಜು ಇಳಿಯುತ್ತಿತ್ತು. ಗುರುಗಳು ಬೀಜವನ್ನು ಎತ್ತಿ, ಹೊಳೆ ದಾಟಿಸಿ, ಕೋಟೆ ಬಾಗಿಲ ಮುಂದೆ ತಾವೇ ಇಟ್ಟರು.

"ನಾನೊಂದು ಹುಡುಗಿ. ರಾಣಿಯ ವಯಸ್ಸಿನವಳೇ. ರಾಣಿಯನ್ನು ಆಟಕ್ಕೆ ಕರೆಯಲು ಬಂದಿದ್ದೇನೆ."

"ಬಾಗಿಲು ತೆಗೆಯೋದಿಲ್ಲ."

"ಯಾರಿಗೂ?"

"ಯಾರಿಗೂ. ಬಾಗಿಲು ತೆಗೆದರೆ ಸಾವು ಒಳಗೆ ಬರುತ್ತೆ. ಹಾಗೇ ಬರೆದಿದೀನಿ."

"ನೀನು ಹೋದರೆ?"

ದೇಮಣ್ಣ ಮರಳಿನ ಮೇಲಿನ ಗೆರೆಗಳನ್ನು ನೋಡಿದ. ತಾನು ಒಳಗೆ ಹೋಗಲು ಎಲ್ಲಾದರೂ ಒಂದು ಸಂದಿ ಬಿಟ್ಟಿದ್ದೇನೆಯೇ ಎಂದು ಕೋಟೆಯ ಸುತ್ತ ಬೆರಳಾಡಿಸಿದ. ಬೆರಳು ಒಂದು ಸುತ್ತು ಬಂದು ಮತ್ತೆ ಬಾಗಿಲಲ್ಲೇ ನಿಂತಿತು.

"ನನಗೂ ಇಲ್ಲ," ಎಂದ.

ಗುರುಗಳು ಹುಣಿಸೆಬೀಜವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಹಾಗಾದರೆ ಇಷ್ಟು ವರ್ಷ ಅವಳು ಯಾರ ಜೊತೆ ಆಡಿದಳು?"