ಕೆರೆ ಪಕ್ಕದ ಅಳಿಯನ ಬಾವಿ

ಬೆಳಗುಂಟೆಗೂ ಕಾರೇಹಾಳಿಗೂ ನಡುವೆ ಒಂದು ದೊಡ್ಡ ಕೆರೆಯಿದೆ. ಅದರ ಏರಿಯ ಬಡಗಣ ತುದಿಯ ಕಲ್ಲುನೆಲದಲ್ಲಿ, ನೀರಿನಿಂದ ಮೂವತ್ತು ಹೆಜ್ಜೆಯೂ ದೂರವಿಲ್ಲದ ಕಡೆ, ಒಂದು ಬಾವಿ. ಒಬ್ಬನೇ ಇಳಿಯಬಹುದಾದಷ್ಟು ಕಿರಿದು. ಒಳಗಿನ ಬಂಡೆಯ ಮೇಲೆ ಉಳಿಯ ಗೀರುಗಳು ಇನ್ನೂ ಕಾಣುತ್ತವೆ. ಬೇಸಿಗೆಯಲ್ಲೂ ಪೂರ್ತಿ ಬತ್ತದ ಕೆರೆಯ ಮಗ್ಗುಲಲ್ಲಿ ಬಂಡೆ ಕೊರೆದು ಬಾವಿ ತೋಡುವ ಅಗತ್ಯ ಯಾರಿಗೆ ಬಿತ್ತು ಎಂದು ಹೊಸಬರು ಕೇಳದೆ ಇರುವುದಿಲ್ಲ. ಅದರ ಹೆಸರು ಅಳಿಯನ ಬಾವಿ ಎಂದು ತಿಳಿದ ಮೇಲೆ, ಯಾರೋ ಸಿರಿವಂತ ಮಾವ ಅಳಿಯನಿಗಾಗಿ ತೋಡಿಸಿರಬೇಕೆಂದು ತಾವೇ ಉತ್ತರ ಕಂಡುಕೊಳ್ಳುತ್ತಾರೆ. ಊರಿನ ಹಿರಿಯರು ಹೇಳುವುದು ಬೇರೆ.

ಹಿಂದೆ ಈ ಎರಡು ಊರುಗಳ ನಡುವೆ ಹೆಣ್ಣು ಕೊಟ್ಟು ತರುವ ವಾಡಿಕೆ ಇರಲಿಲ್ಲ. ಅದಕ್ಕೆ ಜಗಳವೇನೂ ಕಾರಣವಲ್ಲ. ಒಂದೇ ಕೆರೆಯ ನೀರು ಕುಡಿದು ಬೆಳೆದವರು ಒಡಹುಟ್ಟಿದವರ ಸಮಾನ ಎಂಬುದು ಅಲ್ಲಿಯ ಕಟ್ಟಳೆ. ಕಾರೇಹಾಳಿನ ಬೋರಯ್ಯನೂ ಬೆಳಗುಂಟೆಯ ಗೌಡ ಚಿನ್ನೋಬಯ್ಯನ ಮಗಳು ಪಾಲಕ್ಕನೂ ಒಬ್ಬರನ್ನೊಬ್ಬರು ಕಂಡದ್ದೂ ಈ ಕೆರೆಯಲ್ಲೇ. ನೀರು ತಗ್ಗಿದಾಗ ಎರಡೂ ಊರಿನವರು ಸೇರಿ ಹೂಳು ತೆಗೆಯುತ್ತಿದ್ದರು. ಅವನು ಬುಟ್ಟಿ ತುಂಬಿ ಎತ್ತಿಕೊಟ್ಟ, ಇವಳು ಹೊತ್ತಳು. ಮೂರು ಬೇಸಿಗೆ ಅಷ್ಟೇ ನಡೆಯಿತು ಎನ್ನುತ್ತಾರೆ. ನಾಲ್ಕನೆಯ ಬೇಸಿಗೆಗೆ ಬೋರಯ್ಯ ಗೌಡನ ಜಗಲಿಯ ಮುಂದೆ ನಿಂತು ಹೆಣ್ಣು ಕೇಳಿದ. ಗೌಡ ಸಿಟ್ಟಾಗಲಿಲ್ಲ, ನಕ್ಕ. "ತಂಗೀನ ಕೇಳೋಕೆ ಬಂದಿದ್ದೀಯೇನೋ?" ಎಂದ. ಇವತ್ತಿನಿಂದ ಆ ಕೆರೆಯ ನೀರು ಮುಟ್ಟುವುದಿಲ್ಲ ಎಂದು ಬೋರಯ್ಯ ಹೇಳಿದಾಗ ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಗೌಡನೂ ಆ ನಗುವಿನಲ್ಲೇ ಮಾತು ಕೊಟ್ಟುಬಿಟ್ಟ: ಬರುವ ಯುಗಾದಿಯೊಳಗೆ ನಿನ್ನದೇ ನೆಲದಲ್ಲಿ, ನಿನ್ನ ಒಲೆಗೆ ಬೇರೆ ನೀರು ತೋರಿಸು, ಇಲ್ಲವಾದರೆ ಹಬ್ಬದ ಮಾರನೆಯ ವಾರ ಅವಳನ್ನು ದೂರದ ಊರಿಗೆ ಕೊಡುತ್ತೇನೆ.

ಬೋರಯ್ಯನಿಗೆ ತನ್ನದು ಎಂದಿದ್ದ ನೆಲ ಏರಿಯ ತುದಿಯ ಆ ಕಲ್ಲಿನ ತುಂಡು ಮಾತ್ರ. ಅಲ್ಲಿ ಗುಡಿಸಲು ಹಾಕಿ, ಎರಡು ಹರಿದಾರಿ ದೂರದ ಹಳ್ಳದಿಂದ ಕುಡಿಯುವ ನೀರು ಹೊತ್ತು ತಂದು, ಬಂಡೆ ಕೊರೆಯಲು ಕುಳಿತ. ಕೆರೆಗೆ ಬಂದವರು ಏರಿಯ ಮೇಲಿಂದ ಬಗ್ಗಿ "ಏನಪ್ಪಾ ಅಳಿಯ, ಮಾವನ ಮನೆ ಇನ್ನೆಷ್ಟು ಆಳ?" ಎಂದು ಕೇಳುತ್ತಿದ್ದರಂತೆ. ಹೆಸರು ಹುಟ್ಟಿದ್ದು ಹೀಗೆ, ಹಂಗಿಸುವ ಮಾತಿನಲ್ಲಿ. ಪಾಲಕ್ಕ ಮಾತ್ರ ನಗಲಿಲ್ಲ. ಕೊಡ ತುಂಬಿಕೊಂಡು ಹೋಗುವಾಗ ಉಳಿಯ ಸದ್ದು ಕೇಳುವವರೆಗೆ ನಿಂತು, ಕೇಳಿದ ಮೇಲೆ ಹೋಗುತ್ತಿದ್ದಳು.

ಯುಗಾದಿಗೆ ಒಂಬತ್ತು ದಿನವಿರುವಾಗ ನೀರು ಬಂತು. ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿದ ಬೋರಯ್ಯ ನಂಬಲಾರದೆ ಇನ್ನೊಂದು ಬೊಗಸೆ ಹಿಡಿದ. ನೀರು ಸವುಳು, ಉಪ್ಪುಪ್ಪು. ಇಂಥ ನೀರಿನ ಮನೆಗೆ ಯಾವ ತಂದೆ ಹೆಣ್ಣು ಕೊಟ್ಟಾನು? ಅವನು ಯಾರಿಗೂ ಹೇಳಲಿಲ್ಲ.

ಹಬ್ಬದ ಹಿಂದಿನ ದಿನ ಗೌಡ ತನ್ನ ಮುಪ್ಪಿನ ತಾಯಿ ಮಲ್ಲಜ್ಜಿಯನ್ನೂ ಮಗಳನ್ನೂ ಊರಿನ ನಾಲ್ಕು ಜನರನ್ನೂ ಕರೆದುಕೊಂಡು ಬಂದ. ಬಾವಿಗೆ ಬಗ್ಗಿ ನೋಡಿ, ಕೆರೆಯನ್ನೂ ನೋಡಿ, ಇದು ಏರಿಯ ಅಡಿಯಿಂದ ಜಿನುಗಿದ ನಮ್ಮ ಕೆರೆಯ ನೀರೇ ಎಂದು ತೀರ್ಮಾನ ಕೊಟ್ಟ. ಜೊತೆಗೆ ಬಂದವರು ತಲೆದೂಗಿದರು. ಒಂದು ಗುಟುಕು ಕುಡಿಸಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೋರಯ್ಯ ಬಾಯಿ ಬಿಡಲಿಲ್ಲ. ರುಚಿ ತಿಳಿದರೆ ಇರುವ ಆಸೆಯೂ ಹೋಗುತ್ತದೆಂದು ನೆಲ ನೋಡುತ್ತ ನಿಂತಿದ್ದ. ನಡೆದು ದಣಿದಿದ್ದ ಮಲ್ಲಜ್ಜಿಗೆ ಈ ವಾದ ಯಾವುದೂ ಬೇಕಿರಲಿಲ್ಲ. ಬಾಯಾರಿಕೆ ಎಂದು ಚೆಂಬಿನಲ್ಲಿ ನೀರು ಸೇದಿಸಿಕೊಂಡು ಬಾಯಿಗೆ ಸುರಿದುಕೊಂಡಳು. ಮರುಕ್ಷಣವೇ ಮಗನ ಕಾಲ ಬಳಿ ಉಗಿದಳು.

"ಇದು ನಮ್ಮ ಕೆರೆ ನೀರಾದ್ರೆ ನಾನು ನಿಮ್ಮಪ್ಪನ ಹೆಂಡ್ತಿ ಅಲ್ಲ ಕಣೋ," ಎಂದಳು.

ಗೌಡನೂ ನಾಲಿಗೆಗೆ ಹಚ್ಚಿ ನೋಡಿದ. ನೀರು ಬೇರೆಯೆಂಬುದು ನಿಜವಾಯಿತು. ಈಗ ಅವನ ಚಿಂತೆ ಇನ್ನೊಂದು. ಮಗಳ ಕಡೆ ತಿರುಗಿ, ಬದುಕೆಲ್ಲ ಇದನ್ನು ಕುಡಿಯಬೇಕಾಗುತ್ತದೆ, ಕೆರೆಗೆ ಕೊಡ ಇಳಿಸುವ ಹಾಗಿಲ್ಲ, ತಿಳಿದಿದೆಯೇ ಎಂದು ಮೆಲ್ಲನೆ ಕೇಳಿದ. ಪಾಲಕ್ಕ ಅಜ್ಜಿಯ ಕೈಯಿಂದ ಚೆಂಬು ತೆಗೆದುಕೊಂಡು ಉಳಿದದ್ದನ್ನು ನಿಲ್ಲಿಸದೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಸಾರಿಗೆ ಉಪ್ಪು ಹಾಕೋ ಕೆಲಸ ಇಲ್ಲ ಬಿಡಪ್ಪ," ಎಂದಳು.

ಈಗ ಎರಡೂ ಊರಿಗೆ ಒಂದೇ ಟ್ಯಾಂಕಿನಿಂದ ನಲ್ಲಿ ನೀರು ಬರುತ್ತದೆ. ಕಟ್ಟಳೆಯನ್ನು ನೆನಪಿಟ್ಟವರೂ ಕಡಿಮೆ. ಆದರೂ ಬೆಳಗುಂಟೆಗೂ ಕಾರೇಹಾಳಿಗೂ ಸಂಬಂಧ ಕೂಡಿದಾಗ, ತಾಳಿ ಕಟ್ಟುವ ಮೊದಲು ಹುಡುಗ ಹುಡುಗಿ ಈ ಬಾವಿಯ ನೀರನ್ನು ಒಂದೇ ಚೆಂಬಿನಿಂದ ಕುಡಿಯಬೇಕು. ಆ ಹೊತ್ತಿಗೆ ಹೋದವರು ಅದನ್ನು ಕಣ್ಣಾರೆ ನೋಡಬಹುದು. ಹುಡುಗ ಒಂದು ಗುಟುಕಿಗೇ ಮುಖ ಕಿವುಚುತ್ತಾನೆ, ಸುತ್ತ ನಿಂತವರು ನಗುತ್ತಾರೆ. ಹುಡುಗಿ ಅವನ ಮುಖವನ್ನೇ ನೋಡುತ್ತ, ಚೆಂಬು ಬರಿದಾಗುವವರೆಗೆ ಕುಡಿಯುತ್ತಾಳೆ.