ಹೆಬ್ಬೆರಳು ದಪ್ಪದ ಮೂಗುತಿ

ಬೆಳ್ಳಿ ತಂತಿ ಅಚ್ಚುಪಟ್ಟಿ ಎಂಬ ಉಕ್ಕಿನ ಹಲಗೆಯ ಎಲ್ಲ ತೂತುಗಳಲ್ಲೂ, ದೊಡ್ಡದರಿಂದ ಚಿಕ್ಕದಕ್ಕೆ, ನುಸುಳಿ ತೆಳ್ಳಗಾದ ಮೇಲೆಯೇ ಒಡವೆಯಾಗಬೇಕು. ಅಕ್ಕಸಾಲಿಗನ ಅಂಗಡಿಯಲ್ಲಿದ್ದ ನಿಯಮ ಇದೊಂದೇ. ಆ ದಿನ ಅಂಗಡಿಗೆ ಅಂಗಡಿಯೇ ಅದನ್ನು ಮುರಿಯಲು ಹೊರಟಿತು.

ಹೆಬ್ಬೆರಳು ದಪ್ಪದ ತಂತಿಯೊಂದು ಬಂದು, "ನಾನು ಯಜಮಾನರ ಮಗಳ ಮೂಗುತಿಯಾಗುವವನು. ಸಂಜೆಗೇ ಮೂಗು ಚುಚ್ಚುವ ಶಾಸ್ತ್ರವಿದೆ, ಬೇಗ ಮುಗಿಸಿ," ಎಂದಿತು.

ಮೊದಲ ತೂತು, "ನುಸುಳಿದ ಹಾಗೇ ಲೆಕ್ಕ ಸ್ವಾಮಿ, ಮುಂದೆ ದಯಮಾಡಿಸಿ," ಎಂದಿತು. ಉಳಿದವೂ ಹಾಗೇ ಅಂದವು. ತಂತಿ ಎಳೆಯಬೇಕಿದ್ದ ಇಕ್ಕಳ, "ಅಯ್ಯೋ, ಎಷ್ಟು ಸೊರಗಿಬಿಟ್ಟಿರಿ!" ಎಂದು ಮರುಗಿತು.

ಕೊನೆಗೆ ಉಳಿದದ್ದು ಸಾಸಿವೆಯೂ ತೂರದ ಚಿಕ್ಕ ತೂತು. ಅದಕ್ಕೂ ಹೆದರಿಕೆಯೇ. ಆದರೂ, "ಒಳಗೆ ಬಂದು ಹೋಗಿ ಸ್ವಾಮಿ," ಎಂದಿತು.

"ನನಗೇ ಹೇಳುತ್ತೀಯಾ? ಅರಗು ತುಂಬಿಸಿ ನಿನ್ನನ್ನು ಶಾಶ್ವತವಾಗಿ ಮುಚ್ಚಿಸುತ್ತೇನೆ!" ಎಂದು ತಂತಿ ಅಬ್ಬರಿಸಿತು.

"ಸುಮ್ಮನೆ ಹೂಂ ಅನ್ನೋ ಮಾರಾಯ," ಎಂದು ಇಕ್ಕಳ ಗದರಿತು. "ಚುಚ್ಚಿಸಿಕೊಳ್ಳುವ ಮೂಗು ನಿನ್ನದೇನು?"

ಚಿಕ್ಕ ತೂತಿನ ಕಣ್ಣಿಗೆ ಕಟ್ಟಿದ್ದು, ಸಂಜೆ ಈ ದಪ್ಪ ತಂತಿ ಹೊಗಬೇಕಿದ್ದ ಆ ಹುಡುಗಿಯ ಮೂಗೇ. ತಂತಿ ಬಂದು ಮೈಭಾರ ಬಿಟ್ಟು ಒತ್ತಿತು. ಪಕ್ಕದಲ್ಲಿ ಅರಗು ಕಾಯುವ ವಾಸನೆ ಎದ್ದಿತು. ಚಿಕ್ಕ ತೂತು ಕೂದಲೆಳೆಯಷ್ಟೂ ಹಿಗ್ಗಲಿಲ್ಲ.