ಎಣ್ಣೆ ಹತ್ತದ ಹಗ್ಗ

ಹೊಳೆದಂಡೆಯ ಮಠದಲ್ಲಿ ಸಂಗಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯ ವೃಷಭೇಂದ್ರನಿಗೆ ಸಣ್ಣ ಕಾರ್ಖಾನೆಗಳವರಿಗೆ ಪಾಠ ಹೇಳುವ ಕೆಲಸ. ದೊಡ್ಡ ಕಾರು ಕಂಪನಿಗೆ ಬಿಡಿಭಾಗ ಮಾಡಿಕೊಡುವವರು ಹೇಗೆ ನಡೆಯಬೇಕು ಎಂಬುದೇ ಆ ಪಾಠ. ಕೆಟ್ಟ ಮಾಲು ಹೊರಗೆ ಹೋಗಬಾರದು, ದುಡಿಯುವವರನ್ನು ಹೆದರಿಸಬಾರದು.

ಒಂದು ಬೆಳಿಗ್ಗೆ ಶಿಷ್ಯ ಉಬ್ಬಿಕೊಂಡು ಬಂದ.

"ಅಪ್ಪಾರ, ಯಮನಪ್ಪನ ಕಾರ್ಖಾನಿ ತಯಾರಾಗೇತ್ರಿ. ಬ್ರೇಕಿನ ಪಿನ್ನು ಮಾಡ್ತಾರ. ನಾಳೆ ಕಂಪನಿಯವರು ನೋಡಾಕ ಬರ್ತಾರ. ಒಪ್ಪಿದ್ರ ಅಷ್ಟೂ ಮಂದಿಗೆ ಅನ್ನ, ಇಲ್ಲಂದ್ರ ಬಾಗಿಲಿಗೆ ಬೀಗ. ನೀವೊಮ್ಮೆ ಬಂದು ಹರಸಬೇಕ್ರಿ."

"ನಡಿ" ಎಂದರು ಗುರುಗಳು.

ಕಾರ್ಖಾನೆಯ ನೆಲ ಗುಡಿಯ ನೆಲದಂತೆ ತೊಳೆದಿತ್ತು. ಶಿಷ್ಯ ಕೆಲಸದವರನ್ನು ಕೇಳಿದ.

"ಕೆಟ್ಟ ಮಾಲು ಕಂಡ್ರ ಏನ್ ಮಾಡ್ತೀರಿ?"

"ಹಗ್ಗ ಎಳದು ಮಷೀನು ನಿಲ್ಲಸ್ತೀವ್ರಿ."

"ಯಾರು ಎಳೀಬಹುದು?"

"ಯಾರು ಬೇಕಾದ್ರೂ ಎಳೀಬಹುದ್ರಿ."

ಎಲ್ಲರದೂ ಒಂದೇ ದನಿ. ಸಾಕಿದ ಗಿಳಿಗೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಹಗ್ಗ ಅಲ್ಲೇ ತೂಗುತ್ತಿತ್ತು. ಆಯುಧ ಪೂಜೆ ಮುಗಿದು ಎಷ್ಟೋ ದಿನವಾಗಿದ್ದರೂ ಅದಕ್ಕೆ ಹಚ್ಚಿದ ಕುಂಕುಮ ಹಾಗೇ ಇತ್ತು. ಗುರುಗಳು ಮೆಲ್ಲಗೆ ಹಿಡಿದು ಬಿಟ್ಟರು. ಅಂಗೈಗೆ ಕುಂಕುಮ ಹತ್ತಿತ್ತು, ಎಣ್ಣೆ ಹತ್ತಿರಲಿಲ್ಲ.

ಆಮೇಲೆ ಕೆಲಸದವರ ಕೈಗಳನ್ನು ನೋಡಿದರು. ಎಲ್ಲರ ಕೈಯೂ ಎಣ್ಣೆಯಿಂದ ಕರ್ರಗಿತ್ತು. ಗುರುಗಳು ಹರಸದೆಯೇ ಹೊರಟರು.

ಶಿಷ್ಯ ಅವರ ಹಿಂದೆಯೇ ಓಡಿದ.

"ಏನು ತಪ್ಪಾತ್ರಿ ಅಪ್ಪಾರ?"

"ನನ್ನ ಯಾಕ ಕೇಳ್ತಿ ತಮ್ಮಾ? ಹಗ್ಗದ ಹತ್ರ ಕುಂತಾಕಿನ್ನ ಕೇಳು."

ಹಗ್ಗದ ಹತ್ತಿರ ಕೂತು ಪಿನ್ನು ಆರಿಸುವವಳು ದುರುಗವ್ವ. ಶಿಷ್ಯ ಮರಳಿ ಹೋಗಿ ಅವಳನ್ನು ಹೊರಗೆ ಕರೆದ.

"ಬಿರುಕು ಬಿಟ್ಟ ಪಿನ್ನು ಒಂದೂ ಕಂಡಿಲ್ಲೇನವ್ವಾ?"

"ಕಂಡೀನ್ರಿ. ನಿನ್ನೇನೂ ಕಂಡೀನಿ."

"ಮತ್ತ ಹಗ್ಗ ಎಳೀಲಿಲ್ಲ?"

"ಮೊದಲೊಮ್ಮೆ ನಮ್ಮ ಜೋಡಿ ಕೆಲಸ ಮಾಡ್ತಿದ್ದ ಗಂಗಪ್ಪ ಎಳದಿದ್ದ್ರಿ. ಮರುದಿನ ಅವನ್ನ ಕೆಲಸದಿಂದ ತಗದು ಮನಿಗೆ ಕಳಿಸಿದ್ರು. ಹಬ್ಬಕ್ಕ ಹಗ್ಗ ತೊಳದು ಪೂಜಿ ಮಾಡಿದ್ರು. ಆಮ್ಯಾಲೆ ಯಾರೂ ಮುಟ್ಟಿಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ರಿ."

ಶಿಷ್ಯನಿಗೆ ನಾಚಿಕೆಯಾಯಿತು. ಆ ಗಿಳಿಪಾಠ ಕಲಿಸಿದವನು ಅವನೇ.

ಹೊತ್ತು ಇಳಿಯುವಾಗ ಅವನು ಹೊಳೆಗೆ ಬಂದ. ಗುರುಗಳು ಮೆಟ್ಟಿಲ ಮೇಲೆ ಕೂತಿದ್ದರು.

"ಯಮನಪ್ಪಗ ಹೇಳಿದೆ ಅಪ್ಪಾರ. ಮೊದಲು ಸಿಟ್ಟಾದ, ಆಮ್ಯಾಲೆ ತಲಿ ತಗ್ಗಿಸಿದ. ಕಟ್ಟಿಟ್ಟ ಮಾಲೆಲ್ಲ ಬಿಚ್ಚಿಸಿ ನೋಡಾಕ ಹಚ್ಯಾನ. ಗಂಗಪ್ಪನ್ನ ಕರಿಯಾಕ ತಾನ ಹೋಗ್ಯಾನ."

"ಚಲೋ ಆತು."

"ಕಂಪನಿಯವರಿಗೂ ಇದ್ದದ್ದು ಇದ್ದಂಗ ಹೇಳಿ, ನಾಳೆ ಬರಬ್ಯಾಡ್ರಿ ಅಂತೀನಿ. ಸಿಟ್ಟಾಗಿ ಬ್ಯಾರೆ ಕಡೆ ಹೋದ್ರ ಈ ಮಂದಿ ಬೀದಿಗೆ ಬೀಳ್ತಾರ. ಹೆದರಿಕಿ ಆಗ್ತೈತ್ರಿ."

"ನನಗೂ ಆಗ್ತೈತಿ."

ಶಿಷ್ಯ ಅವರ ಪಕ್ಕದ ಮೆಟ್ಟಿಲಲ್ಲಿ ಕೂತ.

"ಎಷ್ಟು ದಿನ ಟೈಮ್ ಕೇಳ್ಲಿ ಅಪ್ಪಾರ?"

ಗುರುಗಳು ಬಗ್ಗಿ, ಅಂಗೈಯಲ್ಲಿ ಇನ್ನೂ ಉಳಿದಿದ್ದ ಕುಂಕುಮವನ್ನು ಹೊಳೆಯಲ್ಲಿ ತೊಳೆದರು.

"ಹಗ್ಗ ಹೊಲಸಾಗೂ ತನಕ."